ನೋಡಿದರೆ ಸುಮ್ಮನಾಗುವ ಕಂಪ್ಯೂಟರ್

ಅತ್ತಿಗೆ ಮತ್ತು ನಾದಿನಿ ಹನ್ನೊಂದು ವರ್ಷದಿಂದ ಒಂದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರು, ಹನ್ನೊಂದು ವರ್ಷದಿಂದಲೂ ಜಗಳ ಆಡುತ್ತಿದ್ದರು. ಹಾಗಂತ ಮಾತು ಬಿಟ್ಟವರಲ್ಲ. ಮಾತು ಬಿಟ್ಟರೆ ಜಗಳ ಆಡುವುದಾದರೂ ಹೇಗೆ? ಕಿಟಕಿ ತೆಗೆಯಬೇಕೋ ಮುಚ್ಚಬೇಕೋ, ಕತ್ತರಿಯನ್ನು ಯಾವ ಪುಣ್ಯಾತ್ಗಿತ್ತಿ ಎಲ್ಲಿಟ್ಟಳು, ಗಿರಾಕಿ ಕೇಳಿದ ಕೆಂಪು ಯಾವ ಕೆಂಪು, ಹೀಗೆ ಬೆಳಿಗ್ಗೆ ಬಾಗಿಲು ತೆಗೆದ ಕ್ಷಣದಿಂದ ಸಂಜೆ ಬೀಗ ಹಾಕುವವರೆಗೆ ಸರಕಿಗೆ ಬರವಿರಲಿಲ್ಲ.

ಅವರದು ಎಂಬ್ರಾಯ್ಡರಿ ಅಂಗಡಿ. ಟೋಪಿಗಳ ಮೇಲೆ, ಸಮವಸ್ತ್ರಗಳ ಜೇಬಿನ ಮೇಲೆ ಹೆಸರು ಹೊಲಿಯುವುದು, ಆಟದ ತಂಡಗಳಿಗೆ ಬ್ಯಾಡ್ಜು ಮಾಡಿಕೊಡುವುದು. ಮೂಲೆಯಲ್ಲಿ ಕಂಪ್ಯೂಟರ್; ಅದು ನಾದಿನಿಯ ರಾಜ್ಯ. ಗಿರಾಕಿ ಕೊಟ್ಟ ಚಿತ್ರವನ್ನು ಅವಳು ಕಂಪ್ಯೂಟರಿನಲ್ಲಿ ಬಿಡಿಸಿ, ಒಂದೊಂದು ಹೊಲಿಗೆ ಎಲ್ಲಿ ಬೀಳಬೇಕು ಎಂದು ಲೆಕ್ಕ ಹಾಕಿಸಿ, ಪೆನ್‌ಡ್ರೈವಿನಲ್ಲಿ ತುಂಬಿ ಕೊಡುತ್ತಿದ್ದಳು. ಕೋಣೆಯ ನಡುವೆ ಒಂಬತ್ತು ಸೂಜಿಯ ದೊಡ್ಡ ಮೆಷಿನ್. ಅದು ಅತ್ತಿಗೆಯ ರಾಜ್ಯ. ಎರಡು ರಾಜ್ಯಗಳ ನಡುವೆ ಓಡಾಡಿಕೊಂಡು, ಆರ್ಡರು ತಂದು, ಮಾಲು ಮುಟ್ಟಿಸಿ, ಇಬ್ಬರಿಂದಲೂ ಬೈಸಿಕೊಳ್ಳುವವನು ಅತ್ತಿಗೆಯ ಗಂಡ, ಅಂದರೆ ನಾದಿನಿಯ ಅಣ್ಣ.

ಅತ್ತಿಗೆ ಮೆಷಿನ್ ಓಡಿಸುವ ರೀತಿ ನೋಡಿ ಹೊಸಬರು ಕಂಗಾಲಾಗುತ್ತಿದ್ದರು. ಆಕೆ ಮೆಷಿನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದಳು! ಬಾಬಿನ್‌ಗೆ ದಾರ ಸುತ್ತುತ್ತಾ ಕೂತರೆ ಕಣ್ಣು ಬಾಬಿನ್ ಮೇಲೆ, ಕಿವಿ ಮಾತ್ರ ಹಿಂದೆ. ದಾರ ಸಡಿಲವಾದರೆ ಟಕಟಕ ಒಂದು ಥರ, ಸೂಜಿ ಮೊಂಡಾದರೆ ಇನ್ನೊಂದು ಥರ. ದಾರ ಕಡಿದದ್ದನ್ನು ಮೆಷಿನ್ನಿನ ಕೆಂಪು ದೀಪ ಹೇಳುವ ಮುಂಚೆಯೇ ಆಕೆಯ ಕೈ ಗುಂಡಿ ಒತ್ತಿರುತ್ತಿತ್ತು. "ಕಣ್ಣಿಟ್ಟು ನೋಡ್ತಾ ಕೂತ್ರೆ ಮೋಸ ಹೋಗ್ತೀವಿ, ಕಿವಿಗೆ ಮೋಸ ಮಾಡೋಕಾಗಲ್ಲ" ಎನ್ನುವುದು ಆಕೆಯ ಜಂಬ. ಕಂಪ್ಯೂಟರ್ ಎಂದರೆ ಮಾತ್ರ ಆಕೆಗೆ ತಲೆಬುಡ ತಿಳಿಯದು. ಅದು ನಾದಿನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದನ್ನು ದಿನಕ್ಕೆರಡು ಸಲ ಹೇಳಿಯೂ ತೋರಿಸುತ್ತಿದ್ದಳು.

"ನಾನೊಬ್ಬಳು ಇಲ್ಲದಿದ್ರೆ ನಿಮ್ಮ ಒಂಬತ್ತು ಸೂಜಿನೂ ಬಾಯಿ ಮುಚ್ಕೊಂಡು ಕೂತಿರ್ತಿತ್ತು, ಅತ್ತಿಗೆ."

ಈ ಮಾತು ಅತ್ತಿಗೆಯ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು.

ಒಂದು ಬುಧವಾರ ನಾದಿನಿ ಹಲ್ಲು ಕೀಳಿಸಿಕೊಳ್ಳಲು ಹೋದಳು. ಗಂಡ ಮಾಲು ಮುಟ್ಟಿಸಲು ಹೋಗಿದ್ದ. ದಿಂಬಿನ ಚೀಲದ ಮೂಲೆಗೆ ಒಂದು ಪುಟ್ಟ ಹೂವು ಬೇಕಿತ್ತು, ಅಷ್ಟೇ. ಅತ್ತಿಗೆ ಕಂಪ್ಯೂಟರಿನ ಕುರ್ಚಿಯನ್ನು ನೋಡಿದಳು. ಇವಳಿಲ್ಲದೆ ಅಂಗಡಿ ನಡೆಯುತ್ತೋ ಇಲ್ಲವೋ ಒಂದು ಕೈ ನೋಡೇ ಬಿಡೋಣ ಎಂದು ಸೆರಗು ಸಿಕ್ಕಿಸಿಕೊಂಡು ಹೋಗಿ ಕೂತಳು. ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಸಿಕ್ಕಿತು: 'ಎಂಬ್ರಾಯ್ಡರಿ ಹೂವುಗಳು, ಐದು ಸಾವಿರ ಡಿಸೈನ್, ಪೂರ್ತಿ ಉಚಿತ.' ಎಂಬ್ರಾಯ್ಡರಿಯವರಿಗೆ ಪುಕ್ಕಟೆ ಡಿಸೈನ್ ಎಂದರೆ ಎಂಥ ಚಪಲ ಎನ್ನುವುದು ಎಂಬ್ರಾಯ್ಡರಿಯವರಿಗೇ ಗೊತ್ತು. ಜನ್ಮದಲ್ಲಿ ಹೊಲಿಯುವುದಿಲ್ಲ, ಆದರೂ ಇಳಿಸಿಕೊಂಡು ಗುಡ್ಡೆ ಹಾಕಿಟ್ಟುಕೊಳ್ಳುತ್ತಾರೆ. ಅತ್ತಿಗೆ ಒತ್ತಿದಳು. ಕಂಪ್ಯೂಟರ್ ಏನೇನೋ ಕೇಳಿತು. ಎಲ್ಲದಕ್ಕೂ 'ಸರಿ' ಅಂದಳು. ಒಟ್ಟು ಹನ್ನೊಂದು ಸಲ 'ಸರಿ'. ಅದರಲ್ಲಿ ಒಂದು, ಕಾವಲಿಗೆ ಇದ್ದ ಆಂಟಿವೈರಸ್ಸನ್ನು ಸ್ವಲ್ಪ ಹೊತ್ತು ಮಲಗಿಸಿ ಎನ್ನುವುದು. ಮಲಗಲಿ ಪಾಪ, ನಮ್ಮಪ್ಪನ ಗಂಟೇನು ಎಂದು ಅದಕ್ಕೂ 'ಸರಿ' ಒತ್ತಿದಳು.

ಐದು ಸಾವಿರ ಎಂದದ್ದು ಇನ್ನೂರೂ ಚಿಲ್ಲರೆ ಬಂತು. ಅದರಲ್ಲೂ ಮುಕ್ಕಾಲು ಪಾಲು ಒಂದೇ ಹೂವು, ಬಣ್ಣ ಬೇರೆ ಬೇರೆ. ಒಂದನ್ನು ಹೊಲಿದು ನೋಡಿದರೆ ಬಟ್ಟೆ ಸುಕ್ಕುಗಟ್ಟಿ ಹೂವು ಕೋಸುಗಡ್ಡೆಯಂತೆ ಮುದುರಿಕೊಂಡಿತು. ಅತ್ತಿಗೆ ಅದನ್ನು ಚಿಂದಿ ಚೀಲದ ತಳಕ್ಕೆ ತುರುಕಿ, ಕುರ್ಚಿಯನ್ನು ಮೊದಲಿದ್ದಂತೆ ತಿರುಗಿಸಿಟ್ಟು, ಏನೂ ಆಗದವಳಂತೆ ಬಾಬಿನ್ ಸುತ್ತತೊಡಗಿದಳು. ನಾದಿನಿ ದವಡೆ ಹಿಡಿದುಕೊಂಡು ಬಂದಾಗ ದಿಂಬಿನ ಚೀಲ ಹಾಗೆಯೇ ಕಾಯುತ್ತಿತ್ತು.

ಅದಾಗಿ ಮೂರೋ ನಾಲ್ಕೋ ದಿನಕ್ಕೆ ಕಂಪ್ಯೂಟರ್ ಕುಯ್ಯೋ ಮರ್ರೋ ಅನ್ನತೊಡಗಿತು. ಒಳಗಿನ ಫ್ಯಾನು ಬುಸುಗುಡುತ್ತಿತ್ತು, ಡಬ್ಬ ಮುಟ್ಟಿದರೆ ಬಿಸಿ. ಎರಡು ನಿಮಿಷಕ್ಕೆ ಹೊಲಿಗೆ ಲೆಕ್ಕ ಹಾಕುತ್ತಿದ್ದದ್ದು ಇಪ್ಪತ್ತು ನಿಮಿಷ, ಅರ್ಧ ಗಂಟೆ ತೆಗೆದುಕೊಳ್ಳತೊಡಗಿತು. ನಾದಿನಿ ಮೊದಲು ಅತ್ತಿಗೆಯನ್ನೇ ಹಿಡಿದಳು. ಕಂಪ್ಯೂಟರಿನ ಡಬ್ಬಕ್ಕೆ ಧೂಳಾಗಬಾರದೆಂದು ಅತ್ತಿಗೆ ಒಂದು ಗೌಸು ಹೊಲಿದು ತೊಡಿಸಿದ್ದಳು, ಸುತ್ತಲೂ ಬಳ್ಳಿ, ಅಂಚಿಗೆ ಜರಿ ಬೇರೆ.

"ಕಂಪ್ಯೂಟರ್‌ಗೆ ಸ್ವೆಟರ್ ಹಾಕಿದ್ರೆ ಬಿಸಿ ಆಗದೆ ಇನ್ನೇನಾಗುತ್ತೆ? ಮೊದಲು ತೆಗೀರಿ ಅತ್ತಿಗೆ ಅದನ್ನ!"

ಅತ್ತಿಗೆ ದುಸುಮುಸು ಮಾಡುತ್ತಾ ಗೌಸು ತೆಗೆದಳು. ಡಬ್ಬ ಬೆತ್ತಲೆಯಾಯಿತೇ ಹೊರತು ತಣ್ಣಗಾಗಲಿಲ್ಲ.

ಬೀದಿಯ ಕೊನೆಯಲ್ಲಿ ಕಂಪ್ಯೂಟರ್ ರಿಪೇರಿಯವರೊಬ್ಬರಿದ್ದರು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು; ಕೆಲಸ ಮಾಡುವಾಗ ಬಿಚ್ಚಿದ ಸ್ಕ್ರೂಗಳನ್ನು ತುಟಿಯ ಸಂದಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದರಾದ್ದರಿಂದ ಎಲ್ಲರಿಗೂ ಅವರು ಸ್ಕ್ರೂ ಮೇಷ್ಟ್ರು. ಮೇಷ್ಟ್ರು ಬಂದರು. ಧೂಳು ಊದಿದರು. ಕೀಲಿಮಣೆಯ ಮೂರು ಗುಂಡಿ ಒಟ್ಟಿಗೆ ಒತ್ತಿ, ಕಂಪ್ಯೂಟರಿನೊಳಗೆ ಯಾವ ಯಾವ ಪ್ರೋಗ್ರಾಂ ಎಷ್ಟೆಷ್ಟು ಶಕ್ತಿ ತಿನ್ನುತ್ತಿದೆ ಎಂದು ತೋರಿಸುವ ಪಟ್ಟಿಯನ್ನು ತೆರೆದರು.

"ನಾಲ್ಕೇ ಪರ್ಸೆಂಟು! ಬಡಪಾಯಿ ಆರಾಮಾಗಿ ಕೂತಿದೆ. ಏನೂ ಆಗಿಲ್ಲ" ಎಂದು ಪಟ್ಟಿ ಮುಚ್ಚಿ ಎದ್ದರು.

ಅವರು ಹೋದ ಸ್ವಲ್ಪ ಹೊತ್ತಿಗೆ ಮತ್ತೆ ಬುಸುಬುಸು. ನಾಲ್ಕು ದಿನ ಬಿಟ್ಟು ಪುನಃ ಕರೆಸಿದರು. ಪುನಃ ಪಟ್ಟಿ, ಪುನಃ ನಾಲ್ಕು ಪರ್ಸೆಂಟು. ಈ ಸಲ ಮೇಷ್ಟ್ರು ಸ್ಕ್ರೂ ಬಾಯಿಂದ ತೆಗೆದು ಮೆತ್ತಗೆ ಒಂದು ಮಾತು ಸೇರಿಸಿದರು: "ನೋಡಮ್ಮಾ, ಕೆಲಸ ಮಾಡೋರು ದಣಿದಾಗ ಮೆಷಿನ್ ನಿಧಾನ ಅನ್ಸೋದು ಸಹಜ."

ಹತ್ತಿತಲ್ಲ ಕಡ್ಡಿ! ಅಣ್ಣ ಬಾಗಿಲಲ್ಲೇ ನಿಂತಿದ್ದ. ಅಗ್ನಿಶಾಮಕ ದಳದವರ ಇನ್ನೂರ ನಲವತ್ತು ತೋಳಿನ ಬ್ಯಾಡ್ಜು ಸೋಮವಾರಕ್ಕೆ ಕೊಡಬೇಕಿತ್ತು, ಡಿಸೈನೇ ಆಗಿರಲಿಲ್ಲ.

"ಅಂದ್ರೆ ಕಂಪ್ಯೂಟರ್ ಸರಿ ಇದೆ" ಎಂದ. "ಮತ್ತೆ ಕೆಲಸ ಯಾಕಮ್ಮ ಆಗ್ತಿಲ್ಲ? ಇನ್ಮೇಲೆ ಡಿಸೈನನ್ನ ಹೊರಗೆ ಕೊಟ್ಟು ಮಾಡಿಸೋಣ. ನಿನಗೂ ರೆಸ್ಟ್ ಸಿಗುತ್ತೆ."

ರೆಸ್ಟ್! ಆ ಕುರ್ಚಿ ಬಿಟ್ಟರೆ ಅವಳಿಗೆ ಮತ್ತೊಂದು ಜಾಗವಿರಲಿಲ್ಲ. ಮದುವೆಯ ಸುದ್ದಿ ಎತ್ತಿದವರ ಜನ್ಮ ಜಾಲಾಡಿ ಕಳಿಸಿ, ಕಲಿತ ವಿದ್ಯೆಯನ್ನೆಲ್ಲ ಆ ಮೂಲೆಗೆ ಸುರಿದಿದ್ದಳು. ಮಾರನೆಯ ದಿನ ಬೆಳಿಗ್ಗೆ ಮೇಜಿನ ಮೇಲೆ ಒಂದು ಕಾಗದ ಇಟ್ಟಳು. ದೂರದ ಊರಿನ ದೊಡ್ಡ ಬಟ್ಟೆ ಕಾರ್ಖಾನೆಯವರು ಡಿಸೈನ್ ಕೆಲಸಕ್ಕೆ ಕರೆದಿದ್ದರು. ಶನಿವಾರದೊಳಗೆ ಉತ್ತರ ಹೇಳಬೇಕು. "ಹೋಗ್ತೀನಿ ಅಂತ ಹೇಳ್ತಿದೀನಿ" ಎಂದಳು. ಅಂದು ಗುರುವಾರ.

ಇಲ್ಲಿ ಅತ್ತಿಗೆಯ ಪಾಪವೊಂದನ್ನು ಹೇಳಲೇಬೇಕು. ಮೇಷ್ಟ್ರು ಎರಡನೆಯ ಸಲ ಬಂದಾಗ ಆಕೆ ಎಂದಿನಂತೆ ಬೆನ್ನು ಹಾಕಿ ಕೂತಿದ್ದಳು. ಮೆಷಿನ್ ನಿಂತಿತ್ತು, ಕೋಣೆಯಲ್ಲಿ ಕಂಪ್ಯೂಟರಿನದೊಂದೇ ಸದ್ದು. ಮೇಷ್ಟ್ರ ಬೆರಳು ಮೂರು ಗುಂಡಿ ಒತ್ತಿದ ಚಟ್ ಶಬ್ದ ಕೇಳಿತು. ಫ್ಯಾನು ಉಸಿರು ಇಳಿಸಿತು. ಪಟ್ಟಿ ಮುಚ್ಚಿದ ಚಟ್ ಕೇಳಿತು. ಐದಾರು ಉಸಿರು ಕಳೆಯುವುದರೊಳಗೆ ಮತ್ತೆ ಏರಿತು. ಆಕೆಯ ಕಿವಿ ನಿಮಿರಿತು. ಇದು ಕಾಯಿಲೆಯ ಸದ್ದಲ್ಲ, ಕಳ್ಳನ ಸದ್ದು. ಮನೆಗೆ ಹಿರಿಯರು ಬಂದೊಡನೆ ಪುಸ್ತಕ ಹಿಡಿದು ಕೂರುವ ಪೋರನ ಬುದ್ಧಿ!

ಹೇಳಬಹುದಿತ್ತು. ಹೇಳಲಿಲ್ಲ. ನಾದಿನಿ ಹೋದರೆ ಕಿಟಕಿ ತನ್ನದು, ಕತ್ತರಿ ತನ್ನದು, ಕೆಂಪು ಯಾವುದೆಂದು ಹೇಳುವವಳು ತಾನೊಬ್ಬಳೇ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನೆಮ್ಮದಿ ಎನ್ನುವುದು ತಾನಾಗಿಯೇ ನಡೆದು ಬರುತ್ತಿದೆ, ನಾನ್ಯಾಕೆ ಅಡ್ಡ ಕಾಲು ಹಾಕಲಿ? ಹೀಗೆಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡಳು. ಗುರುವಾರವಿಡೀ ಆ ಬೀಗ ಬಿಚ್ಚಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾದಿನಿ ಪರದೆಯ ಮುಂದೆ ಕೂತಿದ್ದಳು. ಲೆಕ್ಕ ನಡೆಯುತ್ತಲೇ ಇತ್ತು, ಮುಗಿಯುತ್ತಿರಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡಿಕೊಳ್ಳುತ್ತಿದ್ದಳು. ಯಾರಿಗೆಂದು ಹೇಳದೆ ಸಣ್ಣ ದನಿಯಲ್ಲಿ ಅಂದಳು:

"ನನ್ನ ಕೈಯೇ ನಿಧಾನ ಆಗಿರ್ಬೇಕು. ಏನೋ ತಪ್ಪು ಒತ್ತುತಿದೀನೋ ಏನೋ. ನನಗೇ ಗೊತ್ತಾಗ್ತಿಲ್ಲ."

ಅಯ್ಯೋ! ಆ ಬಾಯಿಂದ 'ತಪ್ಪು ನಂದು' ಎನ್ನುವ ಮಾತು ಬರಲಿ ಎಂದು ಅತ್ತಿಗೆ ಹನ್ನೊಂದು ವರ್ಷ ಕಾದಿದ್ದಳು. ಬಂದಾಗ ಕುಣಿದಾಡಬೇಕಿತ್ತು. ಬದಲಿಗೆ ಕೈಯ ಬಾಬಿನ್ ಜಾರಿ ನೆಲದ ಮೇಲೆ ದಾರ ಬಿಚ್ಚಿಕೊಂಡು ಓಡಿತು. ಜಗಳಗಂಟಿಯಾಗಿರಲಿ, ಜಂಬದ ಕೋಳಿಯಾಗಿರಲಿ, ಅವಳ ಕೈಯಲ್ಲಿ ತಪ್ಪಿಲ್ಲ. ಅದು ಅತ್ತಿಗೆಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳಲ್ಲ! ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಏಳೇ! ಮೇಷ್ಟ್ರನ್ನ ಕರಿ" ಎಂದು ಗದರಿದಳು.

"ಎರಡು ಸಲ ಬಂದ್ರಲ್ಲ ಅತ್ತಿಗೆ..."

"ಮೂರನೇ ಸಲ ಬರ್ಲಿ. ಕಾಲೇನು ಸವೆದು ಹೋಗಲ್ಲ."

ಮೇಷ್ಟ್ರು ಮುಖ ಗಂಟಿಕ್ಕಿಕೊಂಡೇ ಬಂದರು. ಹಿಂದೆಯೇ ಗಂಡನೂ ಬಂದ. ಅತ್ತಿಗೆ ಕಂಪ್ಯೂಟರಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದಳು.

"ಮೇಷ್ಟ್ರೇ, ನಿಮ್ಮ ಪಟ್ಟಿ ತೆಗೀರಿ. ಯಾವಾಗ ತೆಗೆದ್ರಿ ಅಂತ ನನಗೆ ಹೇಳ್ಬೇಡಿ."

"ಇದೇನಕ್ಕಾ ಕಣ್ಣಾಮುಚ್ಚಾಲೆ?" ಎನ್ನುತ್ತಾ ಮೇಷ್ಟ್ರು ಕೀಲಿಮಣೆಯ ಮೇಲೆ ಕರವಸ್ತ್ರ ಹಾಕಿ, ಸದ್ದಾಗದಂತೆ ಒತ್ತಿದರು.

"ಈಗ ತೆಗೆದ್ರಿ" ಎಂದಳು ಅತ್ತಿಗೆ.

ಮುಚ್ಚಿದರು. ಕಾದರು.

"ಮುಚ್ಚಿ ಸ್ವಲ್ಪ ಹೊತ್ತಾಯ್ತು."

ಮತ್ತೆ ತೆರೆದರು. "ತೆಗೆದ್ರಿ." ಮೋಸ ಮಾಡೋಣವೆಂದು ಬೇರೇನನ್ನೋ ತೆರೆದರು, ಚಿತ್ರ ಬಿಡಿಸುವ ಪ್ರೋಗ್ರಾಮನ್ನು. "ಏನೋ ತೆಗೆದ್ರೇನೋ, ಪಟ್ಟಿಯಂತೂ ಅಲ್ಲ. ಫ್ಯಾನು ಹಾಗೇ ಅರಚ್ತಿದೆ." ಹೀಗೆ ಆರು ಸಲ. ಆರು ಸಲವೂ ಸರಿ! ಆರನೆಯ ಸಲಕ್ಕೆ ಮೇಷ್ಟ್ರ ತುಟಿಯಿಂದ ಸ್ಕ್ರೂ ಟಣ್ಣೆಂದು ನೆಲಕ್ಕೆ ಬಿತ್ತು.

"ಎಲಾ ಇದರ! ನಾನು ನೋಡ್ತೀನಿ ಅಂತ ಗೊತ್ತಾಗ್ತಿದ್ದ ಹಾಗೇ ಕೆಲಸ ನಿಲ್ಲಿಸಿ ಸುಮ್ಮನಾಗ್ತಿದೆ."

ಆಮೇಲೆ ಅವರು ಹುರುಪಿನಿಂದ, ದೇವರು ಮೈಮೇಲೆ ಬಂದವರಂತೆ ಕೆಲಸಕ್ಕೆ ಕೂತರು. ಎಲ್ಲರಿಗೂ ಗೊತ್ತಿರುವ ಆ ಪಟ್ಟಿಯನ್ನು ಬಿಟ್ಟು, ತಮ್ಮ ಪೆನ್‌ಡ್ರೈವಿನಿಂದ ಬೇರೊಂದು ಹೆಸರಿನ ಪರೀಕ್ಷೆಯ ಪ್ರೋಗ್ರಾಂ ಹಾಕಿದರು. ಕಳ್ಳನಿಗೆ ಈ ಪೊಲೀಸಿನ ಗುರುತಿರಲಿಲ್ಲ. ಅವನು ಲಜ್ಜೆಯಿಲ್ಲದೆ ದುಡಿಯುತ್ತಲೇ ಇದ್ದ. ತೊಂಬತ್ತಮೂರು ಪರ್ಸೆಂಟು! ಕಂಪ್ಯೂಟರಿನದೇ ಸ್ವಂತ ಕಡತವೊಂದರ ಹೆಸರಿಟ್ಟುಕೊಂಡು, ಅದು ಇರಬೇಕಾದ ಜಾಗದಲ್ಲಿರದೆ ಇನ್ನೆಲ್ಲೋ ಅಡಗಿ ಕೂತಿದ್ದ. ಜೊತೆಗೆ ಯಾವುದೋ ದೂರದ, ಇವರ್ಯಾರಿಗೂ ಸಂಬಂಧವಿಲ್ಲದ ವಿಳಾಸದೊಂದಿಗೆ ಇಂಟರ್ನೆಟ್ಟಿನಲ್ಲಿ ಎಡೆಬಿಡದೆ ಮಾತುಕತೆ.

"ಏನು ಮಾಡ್ತಿದಾನೆ ಒಳಗೆ?" ಎಂದ ಗಂಡ.

"ಲೆಕ್ಕ ಮಾಡ್ತಿದಾನೆ. ಕ್ರಿಪ್ಟೋ ಅಂತಾರಲ್ಲ, ಕಂಪ್ಯೂಟರ್ ನಾಣ್ಯ, ಅದು ಹುಟ್ಟೋದು ಇಂಥ ದೊಡ್ಡ ದೊಡ್ಡ ಲೆಕ್ಕದಿಂದ. ಅದಕ್ಕೆ ವಿಪರೀತ ಕರೆಂಟು, ವಿಪರೀತ ಶಕ್ತಿ ಬೇಕು. ಸ್ವಂತ ಖರ್ಚಲ್ಲಿ ಯಾಕೆ ಮಾಡೋದು ಅಂತ ಊರವರ ಕಂಪ್ಯೂಟರೊಳಗೆಲ್ಲ ಹೀಗೆ ಆಳು ಬಿಟ್ಟಿರ್ತಾರೆ. ಬಿಸಿ ನಿಮಗೆ, ಕರೆಂಟು ನಿಮ್ದು, ನಾಣ್ಯ ಅವರಿಗೆ."

"ನನ್ನ ಡಿಸೈನು?" ಎಂದಳು ನಾದಿನಿ.

"ಅವನು ಉಂಡು ಮಿಕ್ಕಿದ್ದು ನಿಮ್ಮ ಡಿಸೈನಿಗಮ್ಮ. ಏಳು ಪರ್ಸೆಂಟಲ್ಲಿ ಇಷ್ಟಾದ್ರೂ ಹೇಗೆ ಮಾಡಿದ್ರೋ ನಾ ಕಾಣೆ. ಅವತ್ತು ದಣಿವು ಗಿಣಿವು ಅಂದೆನಲ್ಲ, ನನ್ನ ನಾಲಿಗೆಗಿಷ್ಟು! ಮನಸ್ಸಿಗೆ ಹಚ್ಕೋಬೇಡಿ."

ಮೇಷ್ಟ್ರು ಇಂಟರ್ನೆಟ್ಟಿನ ತಂತಿ ಕಿತ್ತರು. ಕಂಪ್ಯೂಟರ್ ಶುರುವಾದಾಗಲೆಲ್ಲ ಕಳ್ಳನನ್ನು ಎಬ್ಬಿಸಲು ಇಟ್ಟಿದ್ದ ಗುಟ್ಟಿನ ಅಲಾರಂ ಒಂದನ್ನು ಹುಡುಕಿ ತೆಗೆದರು. ಮಲಗಿದ್ದ ಆಂಟಿವೈರಸ್ಸನ್ನು ಎಬ್ಬಿಸಿ ಮೂಲೆಮೂಲೆ ಜಾಲಾಡಿಸಿದರು. "ಸದ್ಯಕ್ಕೆ ಸಾಕು. ಬ್ಯಾಡ್ಜು ಮುಗಿಸ್ಕೊಳ್ಳಿ, ಮಂಗಳವಾರ ಬಂದು ಎಲ್ಲ ಅಳಿಸಿ ಹೊಸದಾಗಿ ಹಾಕ್ಕೊಡ್ತೀನಿ. ಅಲ್ಲೀವರೆಗೆ ತಂತಿ ಚುಚ್ಚಬೇಡಿ, ಪಾಸ್‌ವರ್ಡೆಲ್ಲ ಬದಲಾಯಿಸ್ಕೊಳ್ಳಿ" ಎಂದರು. ನಾದಿನಿ ಬ್ಯಾಡ್ಜಿನ ಚಿತ್ರ ತೆರೆದು ಲೆಕ್ಕಕ್ಕೆ ಬಿಟ್ಟಳು. ಒಂದು ನಿಮಿಷ ಐವತ್ತು ಸೆಕೆಂಡು! ಅತ್ತಿಗೆಗೆ ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು.

ಇಳಿದದ್ದು ಒಂದು ಗಳಿಗೆ ಮಾತ್ರ.

"ಆದ್ರೆ ಇಂಥವು ತಾವಾಗೇ ಬರಲ್ಲ" ಎಂದರು ಮೇಷ್ಟ್ರು. "ಪುಕ್ಕಟೆ ಏನನ್ನೋ ಇಳಿಸ್ಕೊಳ್ಳುವಾಗ ಅದರ ಬೆನ್ನ ಮೇಲೆ ಕೂತ್ಕೊಂಡು ಬರ್ತವೆ. ಒಳಗೆ ಬರಲಾ ಅಂತ ಕೇಳುತ್ತೆ, ಯಾರೋ ಸರಿ ಅಂದಿರ್ತಾರೆ. ಇಗೋ ನೋಡಿ, ಹೂವಿನ ಡಿಸೈನುಗಳ ಕಟ್ಟು. ಮೂರು ವಾರದ ಹಿಂದಿನ ಬುಧವಾರ, ಮಧ್ಯಾಹ್ನ ಹನ್ನೆರಡೂ ನಲವತ್ತು."

ಅತ್ತಿಗೆಯ ಹನ್ನೊಂದು 'ಸರಿ'ಗಳೂ ಕಣ್ಣ ಮುಂದೆ ಸಾಲಾಗಿ ನಿಂತವು.

ಗಂಡ ತಂಗಿಯತ್ತ ತಿರುಗಿದ. "ಇದರ ಮುಂದೆ ಕೂರೋಳು ನೀನೊಬ್ಬಳೇ. ಕಂಡಕಂಡದ್ದೆಲ್ಲ ಇಳಿಸ್ಕೋಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ? ಕಡೆಗೂ ತಪ್ಪು ನಿಂದೇ ಆಯ್ತಲ್ಲ!"

ನಾದಿನಿ ಬಾಯಿ ತೆರೆದಳು. ಆ ಬುಧವಾರ ಆ ಹೊತ್ತಿಗೆ ತಾನು ದಂತವೈದ್ಯರ ಕುರ್ಚಿಯಲ್ಲಿದ್ದೆ ಎಂದರೆ ಸಾಕಿತ್ತು, ಅಣ್ಣನ ಬಾಯಿ ಬಂದ್. ಅವಳ ಕಣ್ಣು ಅತ್ತಿಗೆಯ ಮೇಲೆ ಬಿತ್ತು. ಅತ್ತಿಗೆಯ ಮುಖವೇ ಎಲ್ಲ ಹೇಳುತ್ತಿತ್ತು. ನಾದಿನಿ ಒಂದು ಕ್ಷಣ ನೋಡಿದಳು, ತೆರೆದ ಬಾಯನ್ನು ಮುಚ್ಚಿದಳು, "ಹೂಂ. ಇರ್ಬಹುದು" ಎಂದು ಪರದೆಯತ್ತ ತಿರುಗಿದಳು.

ಕತ್ತರಿ ಇಟ್ಟ ಜಾಗಕ್ಕೂ ಸೋಲದ ನಾದಿನಿ ಇಷ್ಟು ದೊಡ್ಡದನ್ನು ಸದ್ದಿಲ್ಲದೆ ಮೈಮೇಲೆ ಹಾಕಿಕೊಂಡಳು! ಅತ್ತಿಗೆಗೆ ಕೂರಲಾಗಲಿಲ್ಲ.

"ಏನು ಇರ್ಬಹುದು, ಮಣ್ಣು!" ಎಂದು ಎದ್ದು ನಿಂತಳು. "ಅವಳಲ್ಲ ರೀ. ಅವಳು ಅವತ್ತು ಹಲ್ಲು ಕೀಳಿಸೋಕೆ ಹೋಗಿದ್ಲು. ನಾನು. ನಾನೇ ಕೂತಿದ್ದೆ. ಹನ್ನೊಂದು ಸಲ ಸರಿ ಸರಿ ಅಂತ ಒತ್ತಿದ ಮಹಾತಾಯಿ ನಾನೇ."

ಗಂಡ ಬಾಯಿ ಬಿಟ್ಟುಕೊಂಡು ನಿಂತ. ಮೇಷ್ಟ್ರು ನೆಲದಲ್ಲಿ ಸ್ಕ್ರೂ ಹುಡುಕುವ ನೆಪದಲ್ಲಿ ಬಗ್ಗಿಬಿಟ್ಟರು.

"ನೀವ್ಯಾಕೆ ಕೂತ್ರಿ ಅತ್ತಿಗೆ? ಮೌಸ್ ಮುಟ್ಟೋಕೂ ಹೆದರ್ತಿದ್ರಲ್ಲ" ಎಂದಳು ನಾದಿನಿ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯಬೇಕಿತ್ತು.

ಸುಳ್ಳು ಹೇಳಲು ಅತ್ತಿಗೆಗೆ ಮನಸ್ಸಾಗಲಿಲ್ಲ. "ನೀನಿಲ್ಲದೆ ಅಂಗಡಿ ನಡೆಯುತ್ತಾ ಅಂತ ನೋಡೋಕೆ."

ನಾದಿನಿ ಕುರ್ಚಿಯನ್ನು ಅತ್ತಿಗೆಯ ಕಡೆ ತಿರುಗಿಸಿದಳು. "ನೋಡಿದ್ರಾ?"

"ನೋಡ್ದೆ."

"ನಡೆಯುತ್ತಾ?"

"ಎಲ್ಲಿ ನಡೆಯುತ್ತೆ?" ಎಂದಳು ಅತ್ತಿಗೆ. "ಒಂದು ಹೂವೂ ನೆಟ್ಟಗೆ ಬರ್ಲಿಲ್ಲ. ಇನ್ನೊಂದು ಕೇಳು, ಈ ಕಳ್ಳನ ಸದ್ದು ನನಗೆ ಮೊನ್ನೆ ಮೇಷ್ಟ್ರು ಬಂದಾಗ್ಲೇ ಗೊತ್ತಾಗಿತ್ತು. ನೀನು ಹೋಗ್ಲಿ ಅಂತ ಬಾಯಿ ಮುಚ್ಕೊಂಡಿದ್ದೆ. ಬೈಯೋದಿದ್ರೆ ಬೈಯಿ, ಹೊಡೆಯೋದಿದ್ರೆ ಹೊಡಿ. ಹೋಗ್ಬೇಡ ಕಣೇ. ನೀನು ಹೋದ್ರೆ ನಾನು ಇಡೀ ದಿನ ಯಾರ ಜೊತೆ ಮಾತಾಡ್ಲಿ?"

ನಾದಿನಿ ಅತ್ತಿಗೆಯನ್ನು ದಿಟ್ಟಿಸಿದಳು. ಬೈಗುಳ ತುಟಿಯವರೆಗೆ ಬಂದದ್ದು ಕಾಣುತ್ತಿತ್ತು, ಅಲ್ಲಿಂದ ಮುಂದೆ ಬರಲಿಲ್ಲ. ಕಾರ್ಖಾನೆಯವರ ಕಾಗದವನ್ನು ಮುದುರಿ ಚಿಂದಿ ಚೀಲಕ್ಕೆ ಹಾಕಿದಳು.

"ಇದೊಂದು ಮಾತು ಹೇಳೋಕೆ ಕಂಪ್ಯೂಟರ್ರೇ ಕೆಡಿಸ್ಬೇಕಿತ್ತಾ ಅತ್ತಿಗೆ?" ಎಂದಳು. ನಗಲು ಹೋಗಿ ಅತ್ತೇಬಿಟ್ಟಳು.